ಎದುರಾಳಿಯ ಪುಸ್ತಕದಲ್ಲಿದ್ದ ಲೆಕ್ಕ

ಲೇವಾದೇವಿಯ ವ್ಯವಹಾರದಲ್ಲಿ ಹಿಂದಿನಿಂದಲೂ ನಡೆದುಬಂದಿರುವ ಒಂದು ನಿಯಮವುಂಟು. ಕೊಟ್ಟವನು ತನ್ನ ಖಾತೆಯಲ್ಲಿ ಏನನ್ನು ಬರೆದುಕೊಂಡಿದ್ದಾನೆ ಎಂಬುದಕ್ಕಿಂತ, ಅದೇ ಮೊಬಲಗು ಪಡೆದವನ ಪುಸ್ತಕದಲ್ಲಿ ಅವನ ಕೈಬರಹದಲ್ಲಿಯೇ ಜಮೆಯಾಗಿದೆಯೇ ಎಂಬುದಕ್ಕೆ ತೂಕ ಹೆಚ್ಚು. ತನ್ನ ಹಿತಕ್ಕೆ ವಿರೋಧವಾದುದನ್ನು ತಾನೇ ಬರೆದಿಟ್ಟವನ ಮಾತನ್ನು ನ್ಯಾಯಾಲಯವೂ ಸುಲಭವಾಗಿ ತಳ್ಳಿಹಾಕುವುದಿಲ್ಲ. ಇತಿಹಾಸದ ಬರವಣಿಗೆಯಲ್ಲಿಯೂ ಈ ನಿಯಮ ಸಲ್ಲುತ್ತದೆ. ಗೆದ್ದವನು ತನ್ನ ಗೆಲುವನ್ನು ಹೊಗಳಿಕೊಳ್ಳುವುದು ಸಹಜ. ಎದುರಾಳಿಯೇ ತನ್ನ ನಷ್ಟವನ್ನು ಒಪ್ಪಿಕೊಂಡಾಗ ಆ ಮಾತಿಗೆ ಬೇರೆಯೇ ಬೆಲೆ ಬರುತ್ತದೆ.

ಕೊಡಗಿನ ವೈಮಾನಿಕ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಮರಣದ ವೃತ್ತಾಂತ ಇಂತಹುದು. 1965ರಲ್ಲಿ ಅವರು ಮಡಿದಾಗ ಅವರೇನು ಮಾಡಿದರೆಂಬುದನ್ನು ಕಂಡ ಭಾರತೀಯನೊಬ್ಬನೂ ಇರಲಿಲ್ಲ. ಸಾಕ್ಷಿ ದೊರೆತದ್ದು 14 ವರ್ಷಗಳ ಅನಂತರ, ಅದೂ ಎದುರುಪಕ್ಷದ ಕಡೆಯಿಂದ. ಆ ಸಾಕ್ಷಿಯನ್ನು ಸ್ವದೇಶದ ಪುಸ್ತಕಕ್ಕೆ ಏರಿಸಿಕೊಳ್ಳಲು ಮತ್ತೆ 9 ವರ್ಷಗಳು ಬೇಕಾದವು. ಒಟ್ಟು 23 ವರ್ಷಗಳ ಕಾಲ ಒಂದು ಋಣವು, ವರ್ತಕರ ಮಾತಿನಲ್ಲಿ ಹೇಳುವುದಾದರೆ, ಅನಾಮತ್ತು ಖಾತೆಯಲ್ಲಿ ಉಳಿದಿತ್ತು.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ತಂದೆ ವೈದ್ಯರು. ಕೊಡಗು ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ನಾಡೆಂಬುದು ಸರ್ವವಿದಿತ. ಸ್ವತಂತ್ರ ಭಾರತದ ಸೇನೆಗೆ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕೆ. ಎಂ. ಕಾರ್ಯಪ್ಪನವರೂ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರೂ ಆ ನೆಲದವರೇ. ಅಂತಹ ನಾಡಿನಿಂದ ಯುವಕನೊಬ್ಬನು ಭೂಸೇನೆಯನ್ನು ಬಿಟ್ಟು ಆಗಿನ್ನೂ ಎಳೆಯದಾಗಿದ್ದ ವಾಯುಸೇನೆಯನ್ನು ಆರಿಸಿಕೊಂಡದ್ದು ಹೊಸ ಹಾದಿ ತುಳಿದಂತೆಯೇ ಸರಿ. 1954ರಲ್ಲಿ ಅವರಿಗೆ ಅಧಿಕಾರಿಯ ಪದವಿ ದೊರೆಯಿತು. ಕಾಲಕ್ರಮದಲ್ಲಿ ಅವರು ಕಿರಿಯರಿಗೆ ವಿಮಾನ ನಡೆಸುವುದನ್ನು ಕಲಿಸುವ ಬೋಧಕರಾದರು. ಶ್ರೀಮತಿ ಸುಂದರಿಯವರನ್ನು ವಿವಾಹವಾಗಿ ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. ಒಡನಾಡಿಗಳು ಅವರನ್ನು ಪ್ರೀತಿಯಿಂದ ಟಬ್ಬಿ ಎಂದು ಕರೆಯುತ್ತಿದ್ದರು. ಬೋಧಕನ ಕೆಲಸ ಗೌರವದ್ದು, ಆದರೆ ಹೆಸರು ತರುವಂಥದಲ್ಲ. ಯುದ್ಧ ಬಾರದಿದ್ದರೆ ಅವರ ಜೀವನವೂ ಹಾಗೆಯೇ ಸದ್ದಿಲ್ಲದೆ ಸಾಗುತ್ತಿತ್ತು.

1965ರ ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು. ಬೋಧಕ ವೃತ್ತಿಯಲ್ಲಿದ್ದ ದೇವಯ್ಯನವರನ್ನು ಪಂಜಾಬಿನ ಆದಮ್‌ಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಹುಲಿಯ ಲಾಂಛನವುಳ್ಳ ಆ ದಳದ ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೊದಲಾದ ನೆಲೆಗಳ ಮೇಲೆ ಎರಗಿದವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಆ ದೇಶದ ಅತಿದೊಡ್ಡ ವಾಯುನೆಲೆಯಾದ ಸರ್ಗೋಧಾದ ಮೇಲೆ ಪ್ರತಿದಾಳಿ ನಡೆಸಬೇಕೆಂದು ಆಜ್ಞೆಯಾಯಿತು. ಮೊದಲ ಹೊಡೆತದ ಹೊಣೆ ತನೇಜಾ ಅವರ ದಳಕ್ಕೆ ಬಂದಿತು.

ಈ ದಾಳಿಗೆ ನಿಯೋಜಿತವಾದ ವಿಮಾನಗಳು ಹನ್ನೆರಡು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೊಂದು ವಿಮಾನ ಕೆಟ್ಟು ಹಿಂದುಳಿದರೆ ಅದರ ಸ್ಥಾನ ತುಂಬಲೆಂದು ಸಿದ್ಧರಾಗಿದ್ದ ಮೀಸಲು ವೈಮಾನಿಕರಲ್ಲಿ ಅವರೊಬ್ಬರು. ಆ ಮುಂಜಾನೆ ಒಂದು ಸ್ಥಾನ ತೆರವಾಯಿತು; ಅವರು ಹೊರಟರು. ತಡವಾಗಿ ಹೊರಟದ್ದರಿಂದ ಅವರು ಗುಂಪಿನ ಹಿಂದೆ, ಬಹುಮಟ್ಟಿಗೆ ಒಂಟಿಯಾಗಿಯೇ ಹಾರಬೇಕಾಯಿತು. ಅವರ ಕೃತ್ಯಕ್ಕೆ ಸಾಕ್ಷಿಯಿಲ್ಲದೆ ಹೋದುದಕ್ಕೆ ಮೂಲಕಾರಣ ಇದೇ.

ವಿಮಾನಗಳ ಬಗೆಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಏರಿದ್ದು ಫ್ರಾನ್ಸಿನ ದಸೋ ಸಂಸ್ಥೆ ತಯಾರಿಸಿದ ಮಿಸ್ಟೇರ್. 1957ರಿಂದ ಭಾರತದಲ್ಲಿ ಬಳಕೆಯಲ್ಲಿದ್ದುದು. ನೆಲದ ಗುರಿಗಳನ್ನು ಹೊಡೆಯಲು ಅದು ಒಳ್ಳೆಯ ವಿಮಾನ. ಆದರೆ ಸಮತಟ್ಟಾದ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು. ಎದುರಿಗಿದ್ದುದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗ, ಶಾಖವನ್ನು ಅರಸಿಕೊಂಡು ಬೆನ್ನಟ್ಟುವ ಕ್ಷಿಪಣಿ, ಕ್ಷಣಮಾತ್ರದಲ್ಲಿ ನೂರಾರು ಗುಂಡುಗಳನ್ನು ಕಾರುವ ಫಿರಂಗಿ. ಅದಕ್ಕಿಂತಲೂ ಮುಖ್ಯವಾದುದು ಇಂಧನದ ಮಾತು. ಆದಮ್‌ಪುರದಿಂದ ಸರ್ಗೋಧಾಕ್ಕೆ ನೆಲಮಟ್ಟದಲ್ಲಿ ಹಾರಿ ಹೋಗಿ ಹಿಂದಿರುಗುವುದಕ್ಕೆ ಮಿಸ್ಟೇರಿನಲ್ಲಿದ್ದ ಇಂಧನ ಸಾಕುಸಾಕೆನ್ನುವಷ್ಟು. ದಾರಿಯಲ್ಲಿ ಶತ್ರುವಿಮಾನದೊಡನೆ ಕಾದಾಟಕ್ಕಿಳಿದರೆ ಆ ಲೆಕ್ಕವೆಲ್ಲ ಬುಡಮೇಲು. ಎದುರಾಳಿಯನ್ನು ಕಂಡರೂ ತಪ್ಪಿಸಿಕೊಂಡು ಬರುವುದೇ ವಿವೇಕವೆಂಬುದನ್ನು ಆ ದಳದ ಪ್ರತಿಯೊಬ್ಬ ವೈಮಾನಿಕನೂ ಬಲ್ಲವನಾಗಿದ್ದ.

ಸರ್ಗೋಧಾದಿಂದ ವಿಮಾನಗಳು ಹಿಂದಿರುಗಿದಾಗ ದೇವಯ್ಯನವರು ಬರಲಿಲ್ಲ. ರೇಡಿಯೋ ಮೌನವನ್ನು ಪಾಲಿಸುತ್ತ ಸಾಗಿದ ದಾಳಿಯಾದ್ದರಿಂದ ಅವರಿಂದ ಯಾವ ಸಂದೇಶವೂ ಬಂದಿರಲಿಲ್ಲ. ನೆಲದಿಂದ ಸಿಡಿದ ಗುಂಡಿಗೆ ಸಿಕ್ಕಿದರೋ, ಇಂಧನ ಮುಗಿದು ಬಿದ್ದರೋ ಎಂದು ಉಳಿದವರು ಚಿಂತಿಸಿದರು. ದಾಖಲೆಯಲ್ಲಿ ಬರೆದದ್ದು ಒಂದೇ ಮಾತು: ಕಾಣೆಯಾಗಿದ್ದಾರೆ.

‘ಕಾಣೆ’ ಎಂಬ ಈ ಮಾತು ಕೊಡವ ಮನೆತನವೊಂದಕ್ಕೆ ಎಂತಹ ಸಂಕಟ ತರಬಲ್ಲದೆಂಬುದನ್ನು ಇತರರು ಸುಲಭವಾಗಿ ಊಹಿಸಲಾರರು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಸಾರುವುದು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನೆರೆಯವರನ್ನು ಕರೆಯುವುದು ಹಳೆಯ ಪದ್ಧತಿ. ಆ ಎರಡು ಗುಂಡಿನ ಸದ್ದು ಕೇಳಿದೊಡನೆ ಊರು ಕೆಲಸ ಬಿಟ್ಟು ಬರುತ್ತದೆ. ಸತ್ತವರು ಅನಂತರ ಒಕ್ಕದ ಹಿರಿಯರ ಸಾಲಿಗೆ ಸೇರುತ್ತಾರೆ. ಐನ್‌ಮನೆಯ ಬಳಿಯಿರುವ ಕೈಮಡದಲ್ಲಿ ಮೂಲಪುರುಷನಾದ ಕಾರಣವನನ್ನು ನೆನೆದು ಎಡೆಯಿಡುವ ಜನರು ಅವರು. ಇಷ್ಟೊಂದು ಕ್ರಮಬದ್ಧವಾಗಿ ತನ್ನ ಸತ್ತವರ ಲೆಕ್ಕವನ್ನಿಡುವ ಸಮಾಜಕ್ಕೆ ದೇಹವೂ ಇಲ್ಲದ, ಸಾವಿನ ಬಗೆಯೂ ತಿಳಿಯದ ಮರಣ ಬಂದರೆ ಅದನ್ನು ಯಾವ ಪುಟದಲ್ಲಿ ಬರೆಯಬೇಕು?

ಅದೇ ತಿಂಗಳಿನಲ್ಲಿ ಕೊಡಗಿನ ಇನ್ನೊಂದು ಮನೆಗೆ ಬಂದ ಸುದ್ದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯುದ್ಧದ ಕೊನೆಯ ದಿನವಾದ ಸೆಪ್ಟೆಂಬರ್ 22ರಂದು ಕಾರ್ಯಪ್ಪನವರ ಪುತ್ರ, ವೈಮಾನಿಕ ನಂದಾ ಕಾರ್ಯಪ್ಪನವರ ಹಂಟರ್ ವಿಮಾನವು ನೆಲದ ಗುಂಡಿಗೆ ಉರುಳಿ ಅವರು ಪಾಕಿಸ್ತಾನದ ಸೆರೆಯಾಳಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನ ಕ್ಷೇಮಸಮಾಚಾರ ತಂದೆಗೆ ಬೇಗನೆ ತಲುಪಿತು. ಬಿಡುಗಡೆ ಮಾಡಲು ಸಿದ್ಧವೆಂಬ ಸೂಚನೆಯೂ ಬಂದಿತು. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಉಪಚಾರ ಬೇಡವೆಂದು ಆ ಹಿರಿಯರು ನಿರಾಕರಿಸಿದ ಪ್ರಸಂಗ ಕೊಡಗಿನಲ್ಲಿ ಮನೆಮಾತು. ನಂದಾ ಕಾರ್ಯಪ್ಪನವರು 1966ರ ಜನವರಿಯಲ್ಲಿ ಇತರ ಸೆರೆಯಾಳುಗಳೊಂದಿಗೇ ಮರಳಿದರು. ದೇವಯ್ಯನವರ ಮನೆಗೆ ಅಂತಹ ಸುದ್ದಿಯೊಂದೂ ಬರಲಿಲ್ಲ. ಸೆರೆಯಾಳುಗಳ ಪಟ್ಟಿಯಲ್ಲಿ ಹೆಸರಿಲ್ಲವೆಂಬುದು ಖಚಿತವಾದ ಮೇಲೆ ಅವರನ್ನು ಮೃತರೆಂದು ಭಾವಿಸಲಾಯಿತು. ಯುದ್ಧದ ಪದಕಗಳನ್ನು ಹಂಚಿದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಇದರಲ್ಲಿ ಅಂದಿನ ಅಧಿಕಾರಿಗಳ ತಪ್ಪೆಣಿಸುವುದು ನ್ಯಾಯವಲ್ಲ; ಆಧಾರವಿಲ್ಲದೆ ಜಮಾ ಬರೆಯುವ ಗುಮಾಸ್ತನು ಒಳ್ಳೆಯ ಗುಮಾಸ್ತನಲ್ಲ.

ಹೀಗೆ 14 ವರ್ಷಗಳು ಕಳೆದವು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಎಂಬಾತನು 1965ರ ವಾಯುಯುದ್ಧವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದನು. ಪಾಕಿಸ್ತಾನದ ವಾಯುಸೇನೆ ಅವನಿಗೆ ತನ್ನ ದಾಖಲೆಗಳನ್ನು ತೆರೆದು ತೋರಿಸಿತ್ತು. ಆ ಪುಸ್ತಕವು ಪಾಕಿಸ್ತಾನದ ಪಕ್ಷಪಾತಿಯೆಂದು ಭಾರತೀಯರು ಆಕ್ಷೇಪಿಸಿದರು; ಆಕ್ಷೇಪಕ್ಕೆ ಕಾರಣವೂ ಇತ್ತು. ಆದರೆ ಅದೇ ಪುಸ್ತಕದಲ್ಲಿ ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾದ ಕಡೆ ನಡೆದ ಒಂದು ಕಾದಾಟದ ವಿವರವೂ ಬಂದಿತು.

ಆ ವಿವರ ಹೀಗಿದೆ. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ವೈಮಾನಿಕರು ಸ್ಟಾರ್‌ಫೈಟರಿನಲ್ಲಿ ಕಾವಲು ಹಾರಾಟದಲ್ಲಿದ್ದಾಗ ಒಂದು ಮಿಸ್ಟೇರನ್ನು ಕಂಡು ಬೆನ್ನಟ್ಟಿದರು. ಅವರು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಫಿರಂಗಿಯ ಗುಂಡುಗಳು ಮಾತ್ರ ಮಿಸ್ಟೇರಿಗೆ ತಗುಲಿದವು. ಕೆಲಸ ಮುಗಿಯಿತೆಂದು ಭಾವಿಸಿ ಅವರು ಬೇರೆ ವಿಮಾನಗಳತ್ತ ತಿರುಗುವಷ್ಟರಲ್ಲಿ, ಪೆಟ್ಟು ತಿಂದಿದ್ದ ಮಿಸ್ಟೇರ್ ಬೀಳುವುದಕ್ಕೆ ಬದಲಾಗಿ ಅವರ ಮೇಲೆಯೇ ತಿರುಗಿಬಿದ್ದಿತು. ನೆಲಕ್ಕೆ ಅತಿ ಸಮೀಪದಲ್ಲಿ, ನಿಧಾನಗತಿಯಲ್ಲಿ ನಡೆದ ಆ ಸುತ್ತಾಟದಲ್ಲಿ ಸ್ಟಾರ್‌ಫೈಟರಿನ ವೇಗ ಅದಕ್ಕೆ ಉಪಯೋಗಕ್ಕೆ ಬರಲಿಲ್ಲ. ಬದಲಾಗಿ ತಿರುವುಗಳಲ್ಲಿ ಹಳೆಯ ಮಿಸ್ಟೇರೇ ಚುರುಕಾಯಿತು. ಅದರ ಗುಂಡುಗಳು ಸ್ಟಾರ್‌ಫೈಟರಿಗೆ ನಾಟಿದವು. ವಿಮಾನ ಹತೋಟಿ ತಪ್ಪಿತು. ಅಮ್ಜದ್ ಹುಸೇನರು ಹಾರುಕೊಡೆಯ ಮೂಲಕ ಹೊರಬಿದ್ದು ಬದುಕಿಕೊಂಡರು. ಮಿಸ್ಟೇರ್ ಕೂಡ ಉರುಳಿತು. ಅದರ ವೈಮಾನಿಕನ ಹೆಸರು ಅವರಿಗೆ ಗೊತ್ತಿರಲಿಲ್ಲ.

ಅಂದಿನ ಆ ಆಕಾಶದಲ್ಲಿ ಮರಳಿ ಬಾರದ, ಮರಣದ ಬಗೆ ತಿಳಿಯದ ಮಿಸ್ಟೇರ್ ಯಾವುದೆಂಬುದನ್ನು ಹುಡುಕಬೇಕಾದದ್ದು ಭಾರತೀಯರು. ಆ ದಾಳಿಯನ್ನು ನಡೆಸಿದ್ದ ತನೇಜಾ ಅವರಿಗೆ ಫ್ರಿಕರನ ಬರಹ ಗಮನಕ್ಕೆ ಬಂದಾಗ, ತಮ್ಮ ದಳದ ಉಳಿದ ವಿಮಾನಗಳ ಲೆಕ್ಕ ಅವರಿಗೆ ತಿಳಿದೇ ಇತ್ತು. ಹೋಲಿಸಿ ನೋಡಿದಾಗ ಆ ವೈಮಾನಿಕನು ದೇವಯ್ಯನವರಲ್ಲದೆ ಬೇರೆಯವನಾಗಿರಲು ಸಾಧ್ಯವೇ ಇರಲಿಲ್ಲ. ಅವರು ವಾಯುಸೇನೆಯ ಕೇಂದ್ರ ಕಛೇರಿಗೆ ಬರೆದು, ಕಾಣೆಯಾದವನೆಂದು ಬರೆದಿಟ್ಟ ಅಧಿಕಾರಿಯನ್ನು ವೀರನೆಂದು ತಿದ್ದಬೇಕೆಂದು ಒತ್ತಾಯಿಸಿದರು. ನಿವೃತ್ತನಾದ ನಾಯಕನಿಗೆ ಇದರಿಂದ ಬರಬೇಕಾದ ಲಾಭ ಯಾವುದೂ ಇರಲಿಲ್ಲ. ತಾನು ಕರೆದೊಯ್ದವರಲ್ಲಿ ಒಬ್ಬನ ಬಾಕಿ ತೀರಿಲ್ಲವೆಂಬ ಅರಿವೊಂದೇ ಕಾರಣ.

ಸಾಕ್ಷ್ಯ ಕೈಗೆ ಬಂದ ಮೇಲೂ 9 ವರ್ಷ ಹಿಡಿಯಿತೆಂಬುದು ಖೇದದ ಸಂಗತಿ. ಸಾಕ್ಷಿಯಿಲ್ಲದ ಕಾಲದ ವಿಳಂಬವನ್ನು ಕ್ಷಮಿಸಬಹುದು. ಸಾಕ್ಷಿಯಿದ್ದ ಕಾಲದ ವಿಳಂಬಕ್ಕೆ ಸಮಾಧಾನ ಹೇಳುವುದು ಕಷ್ಟ. ಕೊನೆಗೆ 1988ರಲ್ಲಿ, ಮರಣಾನಂತರ, ದೇವಯ್ಯನವರಿಗೆ ಮಹಾವೀರ ಚಕ್ರವನ್ನು ಘೋಷಿಸಲಾಯಿತು. ಪದಕವನ್ನು ಸ್ವೀಕರಿಸಿದವರು ಶ್ರೀಮತಿ ಸುಂದರಿ ದೇವಯ್ಯನವರು. ಪತಿಯನ್ನು ಕಳೆದುಕೊಂಡಾಗ ಎಳೆಯ ತಾಯಿಯಾಗಿದ್ದ ಅವರು, ಪತಿ ಹೇಗೆ ಸತ್ತರೆಂಬುದನ್ನು ಪ್ರಭುತ್ವದ ಬಾಯಿಂದ ಕೇಳುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

ಇಲ್ಲಿ ಅಮ್ಜದ್ ಹುಸೇನರ ಪಾತ್ರವನ್ನೂ ನೆನೆಯದಿರುವುದು ಅನ್ಯಾಯವಾದೀತು. 1971ರ ಯುದ್ಧದಲ್ಲಿ ಅಮೃತಸರದ ಬಳಿ ಅವರ ವಿಮಾನವೂ ನೆಲದ ಗುಂಡಿಗೆ ಉರುಳಿ ಅವರು ಭಾರತದ ಸೆರೆಯಾಳಾಗಿದ್ದರು. ಶಬ್ದದ ಎರಡರಷ್ಟು ವೇಗದ ವಿಮಾನವನ್ನು ಹಳೆಯ ಮಾದರಿಯದೊಂದು ಹೊಡೆದುರುಳಿಸಿತೆಂದು ಒಪ್ಪಿಕೊಳ್ಳುವುದು ಯಾವ ವೈಮಾನಿಕನಿಗೂ, ಯಾವ ಸೇನೆಗೂ ಹಿತವಾದ ಮಾತಲ್ಲ. ಯುದ್ಧಕಾಲದಲ್ಲಿ ಎರಡೂ ಕಡೆಯವರು ಹೇಳಿಕೊಂಡ ಸುಳ್ಳುಗಳಿಗೆ ಮಿತಿಯಿರಲಿಲ್ಲ. ಅವುಗಳ ನಡುವೆ ಈ ಒಂದು ಸತ್ಯ ಅಳಿಯದೆ ಉಳಿದುಬಂದಿತು. ಯುದ್ಧವನ್ನು ಕೊಂಡಾಡುವುದು ಒಂದು, ಯುದ್ಧದಲ್ಲಿ ಸತ್ತವನ ವಿಷಯದಲ್ಲಿ ನಿಜ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಅಹಿಂಸೆಯನ್ನು ನಂಬಿದವರೂ ಬದ್ಧರು.

ಹಳೆಗನ್ನಡ ನಾಡಿನ ರೂಢಿಯೊಂದು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಕಾಳಗದಲ್ಲಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸುವುದೂ, ಅವನ ಕುಟುಂಬಕ್ಕೆ ನೆತ್ತರುಗೊಡಗೆಯೆಂದು ಭೂಮಿ ಕೊಡುವುದೂ ಒಡೆಯನ ಕರ್ತವ್ಯವೆಂದು ಅಂದಿನವರು ತಿಳಿದಿದ್ದರು. ಗಂಗರ ಕಾಲದ ಬೇಗೂರಿನ ಕಲ್ಲಿನಿಂದ ಹಿಡಿದು ಊರೂರಿನ ಬೇಲಿಸಾಲಿನಲ್ಲಿ ಒರಗಿರುವ ಹೆಸರಿಲ್ಲದ ಕಲ್ಲುಗಳವರೆಗೆ ಇದಕ್ಕೆ ಸಾಕ್ಷಿಯಿದೆ. ಆದರೆ ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗವನ್ನು ಬಿಡಿಸಬೇಕಾದರೆ ಅದನ್ನು ಕಂಡವನೊಬ್ಬನು ಊರಿಗೆ ಮರಳಿರಬೇಕು. ಕಂಡವನು ಶತ್ರುವೊಬ್ಬನೇ ಆದಾಗ ಕಲ್ಲು ಏಳುವುದು ಹೇಗೆ?

ಈ ಪ್ರಶ್ನೆ ಭಾರತಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಯೂರೋಪಿನಲ್ಲಿ ಇದರ ಮತ್ತೊಂದು ರೂಪ ಕಾಣಿಸಿಕೊಂಡಿತು. ಅಲ್ಲಿ ಎದುರುಪಕ್ಷದ ಪುಸ್ತಕದಲ್ಲಿದ್ದುದು ಮೌನವಲ್ಲ, ಸುಳ್ಳು. ಹನ್ನಾ ಸೆನೆಶ್ ಎಂಬ ಯೆಹೂದಿ ತರುಣಿ 1921ರ ಜುಲೈ 17ರಂದು ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದಳು. ತಂದೆ ಲೇಖಕ, ಆಕೆ ಚಿಕ್ಕವಳಿದ್ದಾಗಲೇ ತೀರಿಕೊಂಡನು. ಯೆಹೂದಿಯೆಂಬ ಒಂದೇ ಕಾರಣಕ್ಕೆ ಶಾಲೆಯ ಸಾಹಿತ್ಯಸಂಘದ ಪದವಿ ತಪ್ಪಿದಾಗ ಆಕೆಗೆ ತನ್ನ ಹುಟ್ಟಿದ ನಾಡು ತನ್ನದಲ್ಲವೆನಿಸಿತು. 1939ರಲ್ಲಿ, ಹದಿನೆಂಟರ ಹರೆಯದಲ್ಲಿ, ಒಂಟಿಯಾಗಿ ಪ್ಯಾಲೆಸ್ತೀನಿಗೆ ವಲಸೆ ಹೋದಳು. ನೆಲ ಉತ್ತು ಹೊಸ ನೆಲೆ ಕಟ್ಟಲು ಹೊರಟ ಅಂತಹ ಯುವ ವಲಸಿಗರನ್ನು ಹೀಬ್ರೂ ಭಾಷೆಯಲ್ಲಿ ‘ಹಲುತ್ಸ್’, ಎಂದರೆ ಮುಂದೆ ನಡೆದು ದಾರಿ ಮಾಡುವವರು, ಎನ್ನುತ್ತಿದ್ದರು. ಆ ನೆಲದ ಅರಬ್ ನಿವಾಸಿಗಳ ಪಾಲಿಗೆ ಈ ವಲಸೆಯ ಕಥೆ ಬೇರೆಯೇ ಆದುದು. ಅದು ಪ್ರತ್ಯೇಕ ವಿಚಾರಣೆಗೆ ತಕ್ಕ ವಿಷಯ. ಹನ್ನಾ ನಹಲಾಲ್ ಎಂಬಲ್ಲಿ ಕೃಷಿ ಕಲಿತು, ಸಮುದ್ರತೀರದ ಸ್ದೋತ್ ಯಾಮ್ ಎಂಬ ಸಾಮೂಹಿಕ ನೆಲೆಯಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೆಲಸಗಳನ್ನು ಮಾಡುತ್ತಿದ್ದಳು.

ಆ ಕರಾವಳಿ ಕನ್ನಡಿಗರಿಗೂ ಪೂರ್ತಿ ಅಪರಿಚಿತವಲ್ಲವೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಅಲ್ಲಿಂದ ಉತ್ತರಕ್ಕಿರುವ ಹೈಫಾ ಬಂದರನ್ನು 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಿಂದ ಬಿಡಿಸಿಕೊಂಡ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆಗೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳದವರೂ ಇದ್ದರು.

ಹನ್ನಾ 1943ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೇರಿದಳು. 1944ರ ಮಾರ್ಚಿನಲ್ಲಿ ಹಾರುಕೊಡೆಯಿಂದ ಯುಗೋಸ್ಲಾವಿಯದಲ್ಲಿ ಇಳಿದು, ಜೂನಿನಲ್ಲಿ ಗಡಿ ದಾಟಿ, ಜರ್ಮನರ ವಶವಾಗಿದ್ದ ತನ್ನ ಹುಟ್ಟೂರಿನ ಕಡೆಗೆ ಹೊರಟಳು. ಗಡಿಯಲ್ಲೇ ಸಿಕ್ಕಿಬಿದ್ದಳು. ರೇಡಿಯೋ ಸಂಕೇತವನ್ನು ತಿಳಿಸೆಂದು ಹಿಂಸಿಸಿದರು. ತಾಯಿಯನ್ನೇ ಎದುರಿಗೆ ತಂದು ನಿಲ್ಲಿಸಿದರು. ಆಕೆ ಬಾಯಿಬಿಡಲಿಲ್ಲ. ರಾಜದ್ರೋಹದ ಆಪಾದನೆ ಹೊರಿಸಿ ನವೆಂಬರ್ 7ರಂದು ಗುಂಡಿಕ್ಕಿ ಕೊಂದರು. ಆಗ ಆಕೆಗೆ 23 ವರ್ಷ. ದಿನಚರಿ, ಕವಿತೆಗಳು ಉಳಿದಿದ್ದುದರಿಂದ ಹೆಸರು ಬೇಗನೆ ಹರಡಿತು. 1950ರಲ್ಲಿ ಆಕೆಯ ಅಸ್ಥಿಯನ್ನು ಜೆರೂಸಲೇಮಿಗೆ ತಂದು ಸಮಾಧಿ ಮಾಡಲಾಯಿತು. ಆದರೆ ಹಂಗೇರಿಯ ನ್ಯಾಯಾಲಯದ ಪುಸ್ತಕದಲ್ಲಿ ಆಕೆ ದ್ರೋಹಿಯಾಗಿಯೇ ಉಳಿದಿದ್ದಳು. ಅದನ್ನು ಆ ದೇಶದ ಸೈನಿಕ ನ್ಯಾಯಾಲಯವೇ ಅಳಿಸಿ ಆಕೆಯನ್ನು ನಿರ್ದೋಷಿಯೆಂದು ಸಾರಿದ್ದು 1993ರಲ್ಲಿ, 49 ವರ್ಷಗಳ ತರುವಾಯ. ತನ್ನವರ ಹೊಗಳಿಕೆ ಎಷ್ಟಿದ್ದರೂ, ಕೊಂದವರ ಪುಸ್ತಕದಲ್ಲಿನ ಆ ಒಂದು ಸಾಲು ತಿದ್ದಿದ ದಿನವೇ ಲೆಕ್ಕ ಚುಕ್ತಾ ಆದುದು.

ದೇವಯ್ಯನವರ ಹೆಸರಿನ ವೃತ್ತ ಈಗ ಮಡಿಕೇರಿಯಲ್ಲಿದೆ, ಪ್ರತಿಮೆಯೂ ಇದೆ. ಬಸ್ಸಿಗೆ ಓಡುವ ಜನರೂ ಪ್ರವಾಸಿಗಳೂ ಅದರ ಸುತ್ತ ಹಾದುಹೋಗುತ್ತಾರೆ. 2025ರ ಜನವರಿಯಲ್ಲಿ ಸರ್ಗೋಧಾ ದಾಳಿಯನ್ನು ಆಧರಿಸಿದ ಹಿಂದೀ ಚಲನಚಿತ್ರವೊಂದು ತೆರೆಗೆ ಬಂದಿತು. ಅದರಲ್ಲಿ ನಾಯಕನ ಹೆಸರನ್ನು ಬದಲಾಯಿಸಲಾಗಿತ್ತು. ಕೊಡವನೆಂಬ ಗುರುತೂ ಉಳಿದಿರಲಿಲ್ಲವೆಂದು ಕೊಡಗಿನವರು ಅಸಮಾಧಾನ ವ್ಯಕ್ತಪಡಿಸಿದರು. ಅಸಮಾಧಾನ ಸಹಜವಾದುದೇ. ಹೆಸರಿಗಾಗಿ 23 ವರ್ಷ ಕಾದವರಿಗೆ ಹೆಸರು ಸಣ್ಣ ಸಂಗತಿಯಲ್ಲ.

ಇನ್ನು ದೇಹದ ವಿಷಯ. ಪಾಕಿಸ್ತಾನದ ಪಂಜಾಬಿನ ಹಳ್ಳಿಗರು ತಮ್ಮ ಹೊಲದಲ್ಲಿ ಬಿದ್ದಿದ್ದ ಭಾರತೀಯ ವೈಮಾನಿಕನ ದೇಹವನ್ನು, ಬಹುಮಟ್ಟಿಗೆ ಅಖಂಡವಾಗಿಯೇ ಇದ್ದುದನ್ನು, ಕಂಡು ಅಲ್ಲಿಯೇ ಹೂಳಿದರೆಂದು ಆ ಕಡೆಯ ವೃತ್ತಾಂತಗಳಿಂದ ತಿಳಿದುಬರುತ್ತದೆ. ಹಿಂದಿನ ಸಂಜೆಯಿಂದ ತಲೆಯ ಮೇಲೆ ಯುದ್ಧವಿಮಾನಗಳು ಹಾರಾಡುತ್ತಿದ್ದ ಊರಿನ ರೈತರು ಅವರು. ಸತ್ತವನು ಯಾರೆಂದು ತಿಳಿಯದಿದ್ದರೂ ಶತ್ರುವೆಂಬುದು ತಿಳಿದಿತ್ತು. ಆದರೂ ಹೊಲದ ಒಂದಿಷ್ಟು ಮಣ್ಣನ್ನು ಅವನಿಗೆ ಕೊಟ್ಟರು. ಆ ದೇಹ ಕೊಡಗಿಗೆ ಮರಳಲಿಲ್ಲ.